ತೆರೆದ ಗಡಿಗಳು ಮತ್ತು ಶ್ರಾವಕನ ದಿಗ್ವ್ರತ

ಆಫ್ರಿಕಾ ಖಂಡದ 44 ರಾಷ್ಟ್ರಗಳು 2018ರ ಮಾರ್ಚ್ 21ರಂದು ರುವಾಂಡಾದ ರಾಜಧಾನಿ ಕಿಗಾಲಿಯಲ್ಲಿ ಸಭೆ ಸೇರಿ, ತಮ್ಮೊಳಗಿನ ಸುಂಕದ ಗಡಿಗಳನ್ನು ಕ್ರಮೇಣ ತೆಗೆದುಹಾಕುವ ಒಡಂಬಡಿಕೆಗೆ ಸಹಿ ಹಾಕಿದವು. ಅದು 2019ರ ಮೇ 30ರಂದು ಜಾರಿಗೆ ಬಂದಿತು. 2021ರ ಜನವರಿ 1ರಿಂದ ಅದರಡಿಯ ವ್ಯಾಪಾರಕ್ಕೆ ವಿಧ್ಯುಕ್ತ ಚಾಲನೆ ದೊರೆಯಿತು. ಎರಿಟ್ರಿಯಾ ಒಂದನ್ನು ಬಿಟ್ಟು ಆಫ್ರಿಕಾ ಒಕ್ಕೂಟದ ಉಳಿದ 54 ಸದಸ್ಯ ರಾಷ್ಟ್ರಗಳೂ ಸಹಿ ಮಾಡಿವೆ. ಘಾನಾ ದೇಶದ ಅಕ್ರಾ ನಗರದಲ್ಲಿ ಇದರ ಸಚಿವಾಲಯವಿದೆ. ಇದಕ್ಕೆ ಆಫ್ರಿಕಾ ಖಂಡದ ಮುಕ್ತ ವ್ಯಾಪಾರ ಪ್ರದೇಶವೆಂದು ಹೆಸರು. ನೂರಮೂವತ್ತು ಕೋಟಿಗೂ ಮಿಕ್ಕಿದ ಜನರನ್ನು ಒಂದೇ ಸಂತೆಯಲ್ಲಿ ಕೂಡಿಸುವ ಪ್ರಯತ್ನವಿದು.

ಧರ್ಮವಿಚಾರಕ್ಕೆ ಮೀಸಲಾದ ಈ ಪತ್ರಿಕೆಯಲ್ಲಿ ದೂರದ ಖಂಡದ ಸುಂಕದ ಮಾತೇಕೆ ಎಂದು ಓದುಗರು ಕೇಳಬಹುದು. ನಮ್ಮ ಮನೆಗಳ ಪಾಯಸ, ಶೀರಗಳಲ್ಲಿ ಬೀಳುವ ಗೋಡಂಬಿಯ ಒಂದು ಪಾಲು ಆಫ್ರಿಕಾದ ನೆಲದಲ್ಲಿ ಬೆಳೆದದ್ದು. ಅದನ್ನು ತರಿಸಿ, ಒಡೆಸಿ, ಮಾರಿ ಬದುಕುವ ಕುಟುಂಬಗಳು ನಮ್ಮ ಮಂಗಳೂರಿನಲ್ಲಿಯೂ ಸುತ್ತಮುತ್ತಣ ತಾಲೂಕುಗಳಲ್ಲಿಯೂ ಸಾಕಷ್ಟಿವೆ. ಹೊಸ ಪೀಳಿಗೆಯ ತರುಣರು ಈ ಒಡಂಬಡಿಕೆಯಲ್ಲಿ ದೊಡ್ಡ ಅವಕಾಶವನ್ನು ಕಾಣುತ್ತಿದ್ದಾರೆ. ಕೆಲವರು ಅಲ್ಲಿಯೇ ಕಾರ್ಖಾನೆ ತೆರೆಯುವ ಮಾತನಾಡುತ್ತಿದ್ದಾರೆ. ಅವರ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಸರಕಾರಗಳು ಗಡಿಯನ್ನು ತೆಗೆದಾಗ, ಗಡಿಯನ್ನು ತಾನೇ ಹಾಕಿಕೊಳ್ಳಬೇಕೆಂದು ಕಲಿತು ಬಂದ ಶ್ರಾವಕನು ಏನು ಮಾಡಬೇಕು? ಈ ಪ್ರಶ್ನೆ ವ್ಯಾಪಾರದ್ದೂ ಹೌದು, ವ್ರತದ್ದೂ ಹೌದು.

ಹಳೆಯ ನಂಟು

ಮಂಗಳೂರಿಗೆ ಆಫ್ರಿಕಾ ಹೊಸದಲ್ಲ. ಇಂದಿನ ಟುನೀಶಿಯಾದ ಮಹ್ದಿಯಾ ಪಟ್ಟಣದಿಂದ ಹೊರಟ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು 12ನೆಯ ಶತಮಾನದಲ್ಲಿ ಹಲವು ವರ್ಷ ಮಂಗಳೂರಿನಲ್ಲಿ ನೆಲೆಸಿ, ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ಮೆಣಸಿನ ವ್ಯಾಪಾರವನ್ನೂ ನಡೆಸಿದನು. ಅವನ ಪತ್ರಗಳೂ ಲೆಕ್ಕಪತ್ರಗಳೂ ಕೈರೋ ನಗರದ ಒಂದು ಯಹೂದಿ ಮಂದಿರದ ಕಾಗದದ ರಾಶಿಯಲ್ಲಿ ಉಳಿದು ಬಂದಿವೆ. ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ 14ನೆಯ ಶತಮಾನದಲ್ಲಿ ಈ ರೇವಿಗೆ ಬಂದು ಇಲ್ಲಿಯ ಮೆಣಸು, ಶುಂಠಿಗಳ ಸಮೃದ್ಧಿಯನ್ನು ದಾಖಲಿಸಿದ್ದಾನೆ. 1865ರಲ್ಲಿ ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚುಗಳು ಪೂರ್ವ ಆಫ್ರಿಕಾದ ಮನೆಗಳ ಮಾಡನ್ನೂ ಏರಿದವು.

ಗೇರು ಬಂದ ದಾರಿಯೂ ಇಂಥದೇ. ಬ್ರೆಜಿಲಿನ ಈ ಮರವನ್ನು ಪೋರ್ಚುಗೀಸರು 16ನೆಯ ಶತಮಾನದಲ್ಲಿ ನಮ್ಮ ಪಶ್ಚಿಮ ಕರಾವಳಿಗೂ ಮೊಜಾಂಬಿಕಿಗೂ ತಂದರು. 1920ರ ದಶಕದಿಂದ ಮಂಗಳೂರಿನಲ್ಲಿ ಬೀಜ ಸಂಸ್ಕರಿಸುವ ಕಾರ್ಖಾನೆಗಳು ಬೆಳೆದವು. ಊರಿನ ಬೆಳೆ ಸಾಲದೆ ಹೋದಾಗ ಪೂರ್ವ ಆಫ್ರಿಕಾದ ಕಚ್ಚಾ ಬೀಜ ಹಡಗಿನಲ್ಲಿ ಬರತೊಡಗಿತು. ಈಗ ಐವರಿ ಕೋಸ್ಟ್, ಘಾನಾ, ಗಿನಿ-ಬಿಸ್ಸಾವು ಮೊದಲಾದ ಪಶ್ಚಿಮದ ದೇಶಗಳ ಬೀಜವೂ ನವಮಂಗಳೂರು ಬಂದರಿನಲ್ಲಿ ಇಳಿಯುತ್ತದೆ. ನಮ್ಮ ಕಾರ್ಖಾನೆಗಳಲ್ಲಿ ಬೀಜ ಒಡೆದು, ಸಿಪ್ಪೆ ತೆಗೆದು, ವಿಂಗಡಿಸುವವರಲ್ಲಿ ಬಹುತೇಕರು ಹೆಂಗಸರು. ಚಿಪ್ಪಿನ ಎಣ್ಣೆ ಕೈ ಸುಡುವಂಥದು ಎಂಬುದನ್ನು ಈ ಕೆಲಸ ಕಂಡವರಿಗೆ ಹೇಳಬೇಕಾಗಿಲ್ಲ.

ಅವಕಾಶ ಎಲ್ಲಿದೆ?

ಈ ಒಡಂಬಡಿಕೆಯನ್ನು ಕುರಿತು ತಪ್ಪು ತಿಳಿವಳಿಕೆ ಬೇಡ. ಭಾರತದಿಂದ ಹೋಗುವ ಸರಕಿಗೆ ಇದರಿಂದ ಸುಂಕ ತಗ್ಗುವುದಿಲ್ಲ; ನಮ್ಮ ಸರಕು ಆಯಾ ದೇಶದ ಸುಂಕವನ್ನು ಎಂದಿನಂತೆ ಕೊಟ್ಟೇ ಒಳಗೆ ಹೋಗಬೇಕು. ರಿಯಾಯಿತಿಯಿರುವುದು ಆ ಖಂಡದಲ್ಲಿಯೇ ಹುಟ್ಟಿದ ಅಥವಾ ಅಲ್ಲಿ ನಿಯಮಾನುಸಾರ ಸಾಕಷ್ಟು ರೂಪಾಂತರ ಹೊಂದಿದ ಸರಕಿಗೆ ಮಾತ್ರ. ಅದಕ್ಕೆ ಮೂಲದೇಶದ ಪ್ರಮಾಣಪತ್ರ ಬೇಕು. ನೂರಕ್ಕೆ 90 ಬಗೆಯ ಸರಕುಗಳ ಸುಂಕವನ್ನು ಸಾಮಾನ್ಯ ರಾಷ್ಟ್ರಗಳು 5 ವರ್ಷಗಳಲ್ಲಿ, ತೀರ ಹಿಂದುಳಿದ ರಾಷ್ಟ್ರಗಳು 10 ವರ್ಷಗಳಲ್ಲಿ ಹಂತಹಂತವಾಗಿ ತೆಗೆಯಬೇಕೆಂಬುದು ನಿಯಮ. 2022ರ ಅಕ್ಟೋಬರಿನಲ್ಲಿ 8 ರಾಷ್ಟ್ರಗಳು ಪ್ರಾಯೋಗಿಕವಾಗಿ ಇದರಡಿ ಸರಕು ಕಳುಹಿಸಲಾರಂಭಿಸಿದವು. ರಸ್ತೆ, ಬಂದರು, ಹಣದ ವಿನಿಮಯಗಳ ತೊಡಕುಗಳು ಇನ್ನೂ ಇವೆ. ಆಫ್ರಿಕಾದ ದೇಶಗಳು ತಮ್ಮೊಳಗೆ ಮಾಡುವ ವ್ಯಾಪಾರ ಅವುಗಳ ಒಟ್ಟು ವ್ಯಾಪಾರದ ಸುಮಾರು ಆರನೆಯ ಒಂದು ಪಾಲಷ್ಟೇ.

ಹಾಗಿದ್ದರೂ ದಿಕ್ಕು ಸ್ಪಷ್ಟವಾಗಿದೆ. ಒಂದು ದೇಶದಲ್ಲಿ ಕಾರ್ಖಾನೆ ಹಾಕಿದವನು ನೆರೆಯ ದೇಶದ ಬೀಜವನ್ನು ಕಡಿಮೆ ಸುಂಕದಲ್ಲಿ ತರಿಸಿ, ಸಂಸ್ಕರಿಸಿ, ಖಂಡದ ಇನ್ನೊಂದು ಮೂಲೆಯಲ್ಲಿ ತಿರುಳನ್ನು ಮಾರುವ ಸೌಕರ್ಯ ಬರುತ್ತಿದೆ. ಜಗತ್ತಿನ ಗೇರುಬೀಜದ ಅರ್ಧಕ್ಕಿಂತ ಹೆಚ್ಚು ಭಾಗ ಆಫ್ರಿಕಾದಲ್ಲಿ ಬೆಳೆಯುತ್ತದೆ. ಅಲ್ಲಿಯೇ ಒಡೆಯಲ್ಪಡುವುದು ಅದರ ಸಣ್ಣ ಪಾಲು. ಇದನ್ನು ಬದಲಿಸಬೇಕೆಂದು ಆ ಸರಕಾರಗಳು ಪಣತೊಟ್ಟಿವೆ. 2024ರ ಏಪ್ರಿಲ್ 1ರಿಂದ ಕಚ್ಚಾ ಬೀಜದ ರಫ್ತಿಗೆ ಅವಕಾಶವಿಲ್ಲವೆಂದು ಬೆನಿನ್ ಸರಕಾರ ಮುಂಚಿತವಾಗಿಯೇ ಘೋಷಿಸಿತ್ತು. ಹತ್ತು ಲಕ್ಷ ಟನ್ನಿಗೂ ಮಿಕ್ಕಿ ಬೆಳೆಯುವ ಐವರಿ ಕೋಸ್ಟ್ ತನ್ನಲ್ಲಿಯ ಕಾರ್ಖಾನೆಗಳಿಗೆ ಉತ್ತೇಜನ ನೀಡುತ್ತಿದೆ. ಹೀಗಾಗಿ ನಮ್ಮ ವರ್ತಕರ ಮುಂದೆ ಒಂದು ಕಡೆ ಹೊಸ ಬಾಗಿಲು; ಇನ್ನೊಂದು ಕಡೆ ಇಲ್ಲಿಯ ಕಾರ್ಖಾನೆಗೆ ಬೀಜ ಸಿಗದೆ ಹೋದೀತೆಂಬ ಭಯ.

ದಿಗ್ವ್ರತದ ಅಭಿಪ್ರಾಯ

ಶ್ರಾವಕನ ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿ ತಾನು ಎಲ್ಲಿಯವರೆಗೆ ಹೋಗುವೆನು, ಎಲ್ಲಿಯವರೆಗೆ ವ್ಯವಹರಿಸುವೆನು ಎಂಬ ಮಿತಿಯನ್ನು ಜೀವಮಾನಕ್ಕೆ ಹಾಕಿಕೊಳ್ಳುವುದೇ ಆ ವ್ರತ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಮುದ್ರ, ನದಿ, ಪರ್ವತ, ಅರಣ್ಯ, ಜನಪದ, ಯೋಜನಗಳೆಂಬ ಎಲ್ಲರೂ ಬಲ್ಲ ಗುರುತುಗಳಿಂದ ಆ ಮಿತಿಯನ್ನು ನಿಶ್ಚಯಿಸಿಕೊಳ್ಳಬೇಕೆಂದು ತಿಳಿಸುತ್ತದೆ. ದಿನಕ್ಕೋ ತಿಂಗಳಿಗೋ ಆ ಕ್ಷೇತ್ರವನ್ನು ಇನ್ನಷ್ಟು ಸಂಕೋಚಿಸುವುದು ದೇಶವ್ರತ.

ಈ ವ್ರತದ ಬಗ್ಗೆ ಇಂದು ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಎತ್ತಿನ ಗಾಡಿಯ ಕಾಲಕ್ಕೆ ಹೊಂದುತ್ತಿದ್ದ ನಿಯಮ ವಿಮಾನದ ಕಾಲಕ್ಕೆ ಸಲ್ಲದು ಎಂಬುದು ಒಂದು. ವ್ರತವೆಂದರೆ ವ್ರತ, ಸಮುದ್ರ ದಾಟಿದ ವ್ಯಾಪಾರವೇ ಬೇಡ ಎಂಬುದು ಇನ್ನೊಂದು. ಎರಡೂ ಸರಿಯೆಂದು ನನಗೆ ತೋರುವುದಿಲ್ಲ. ಮೊದಲನೆಯ ಮಾತು ವ್ರತವನ್ನು ಪ್ರಯಾಣದ ನಿಯಮವೆಂದು ತಿಳಿಯುತ್ತದೆ. ಎರಡನೆಯದು ಇತಿಹಾಸವನ್ನು ಮರೆಯುತ್ತದೆ. ಗುಜರಾತಿನ ಹಾಲಾರ ಪ್ರಾಂತದ ಓಸವಾಲ ಜೈನರು ಪೂರ್ವ ಆಫ್ರಿಕಾದಲ್ಲಿ ನೆಲೆನಿಂತು ವ್ಯಾಪಾರ ಮಾಡುತ್ತಲೇ ಮೊಂಬಾಸ, ನೈರೋಬಿಗಳಲ್ಲಿ ಜಿನಮಂದಿರಗಳನ್ನು ಕಟ್ಟಿಸಿದರು. ದೂರ ಹೋದುದರಿಂದಲೇ ಧರ್ಮ ಕೆಡುವುದಿಲ್ಲ.

ಹಾಗಾದರೆ ದಿಗ್ವ್ರತದ ಅಭಿಪ್ರಾಯವೇನು? ಮನುಷ್ಯನ ಲೋಭ ಹೋದಲ್ಲೆಲ್ಲ ಅವನ ಆರಂಭ-ಪರಿಗ್ರಹಗಳು ಹೋಗುತ್ತವೆ; ಅವು ಹೋದಲ್ಲೆಲ್ಲ ಹಿಂಸೆ ಹೋಗುತ್ತದೆ. ಮಿತಿಯ ಹೊರಗೆ ತನ್ನಿಂದ ಯಾವ ಪಾಪವೂ ನಡೆಯದಂತೆ ಬಾಗಿಲು ಹಾಕುವುದೇ ವ್ರತದ ಉದ್ದೇಶ. ಈ ವ್ರತಕ್ಕೆ ಹೇಳಿರುವ ಅತಿಚಾರಗಳಲ್ಲಿ ಎರಡು ವರ್ತಕನನ್ನೇ ಕಣ್ಣಮುಂದಿಟ್ಟುಕೊಂಡು ಹೇಳಿದಂತಿವೆ. ಲಾಭದಾಸೆಯಿಂದ ಎಲ್ಲೆಯನ್ನು ಹಿಗ್ಗಿಸಿಕೊಳ್ಳುವುದು ಕ್ಷೇತ್ರವೃದ್ಧಿ. ಹಾಕಿಕೊಂಡ ಎಲ್ಲೆಯನ್ನೇ ಮರೆತುಬಿಡುವುದು ಸ್ಮೃತ್ಯಂತರಾಧಾನ.

ಇದರಿಂದ ಒಂದು ಮಾತು ಸಿದ್ಧವಾಗುತ್ತದೆ. ಗಡಿ ಮುಚ್ಚಿದ್ದಾಗ ಹೋಗದಿರುವುದು ವ್ರತವಲ್ಲ, ಅಶಕ್ತಿ. ಗಡಿ ತೆರೆದಿರುವಾಗ ಇಷ್ಟೇ ಸಾಕೆನ್ನುವುದರಲ್ಲಿ ವ್ರತವಿದೆ. ಆದ್ದರಿಂದ ಒಡಂಬಡಿಕೆಗಳು ಹೆಚ್ಚಿದಷ್ಟೂ ದಿಗ್ವ್ರತದ ಅವಶ್ಯಕತೆ ಹೆಚ್ಚುತ್ತದೆ. ಆದರೆ ಯೋಜನಗಳಿಂದ ಅಳೆಯುವುದು ಈಗ ಸಾಲದು. ನಾನು ಕಂಡಂತೆ ವರ್ತಕನಿಗೆ ಇಂದಿನ ಅಳತೆ ಇದು: ನನ್ನ ಹೆಸರಿನಲ್ಲಿ ತೂಗುವ ತಕ್ಕಡಿಯನ್ನು ನಾನು ಎಲ್ಲಿಯವರೆಗೆ ನೋಡಬಲ್ಲೆನೋ, ಅಲ್ಲಿ ನಡೆದುದಕ್ಕೆ ಎಲ್ಲಿಯವರೆಗೆ ಉತ್ತರ ಕೊಡಬಲ್ಲೆನೋ ಅಲ್ಲಿಯವರೆಗೆ ನನ್ನ ಕ್ಷೇತ್ರ.

ತಕ್ಕಡಿಯ ಇನ್ನೊಂದು ತುದಿ

ಗೇರುಬೀಜದ ವ್ಯಾಪಾರದಲ್ಲಿ ಈ ಮಾತಿನ ಅರ್ಥ ಬೇಗ ತಿಳಿಯುತ್ತದೆ. ಕಚ್ಚಾ ಬೀಜದ ಗುಣವನ್ನು ಔಟ್‌ಟರ್ನ್ ಎಂಬ ಲೆಕ್ಕದಿಂದ ಅಳೆಯುತ್ತಾರೆ. 80 ಕಿಲೋ ಚೀಲಕ್ಕೆ ಎಷ್ಟು ಪೌಂಡು ಒಳ್ಳೆಯ ತಿರುಳು ಸಿಗುವುದೆಂಬುದೇ ಆ ಲೆಕ್ಕ. 48 ಪೌಂಡು ಬರುವ ಬೀಜಕ್ಕೂ 44 ಬರುವ ಬೀಜಕ್ಕೂ ಬೆಲೆಯಲ್ಲಿ ಬಹಳ ವ್ಯತ್ಯಾಸ. ಬಂದರಿನಲ್ಲಿ ಮಾದರಿ ಒಡೆದು ನೋಡುವಾಗ ಕೊಳ್ಳುವವನೂ ಮಾರುವವನೂ ಎದುರೆದುರು ಇರುತ್ತಾರೆ. ಆದರೆ ಹಳ್ಳಿಯಲ್ಲಿ ರೈತನಿಂದ ಕೊಳ್ಳುವಾಗ ತೇವಾಂಶವೆಷ್ಟು, ಔಟ್‌ಟರ್ನ್ ಎಷ್ಟು ಎಂದು ಹೇಳುವವನು ದಲ್ಲಾಳಿಯೊಬ್ಬನೇ. ನಮ್ಮ ಕೈಗೆ ಬರುವುದು ಮೂರು ನಾಲ್ಕು ಕೈ ದಾಟಿದ ಚೀಲ. ಮೊದಲ ಕೈಯಲ್ಲಿ ನಡೆದ ಮೋಸ ನಮ್ಮ ಖಾತೆಯ ಯಾವ ಪುಟದಲ್ಲಿಯೂ ಕಾಣದು. ಅದರ ಲಾಭ ಮಾತ್ರ ಕೊಳ್ಳುವ ದರದಲ್ಲಿ ಸೇರಿಕೊಂಡಿರುತ್ತದೆ.

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಳವಿಗೆ ಪ್ರೇರೇಪಿಸುವುದು, ಕಳವಿನ ಮಾಲನ್ನು ಕೊಳ್ಳುವುದು, ರಾಜ್ಯದ ನಿಯಮವನ್ನು ಮೀರುವುದು, ಅಳತೆ-ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಒಂದರ ಜಾಗದಲ್ಲಿ ಇನ್ನೊಂದನ್ನು ಕೊಡುವುದು. ಗಡಿ ದಾಟುವ ವ್ಯಾಪಾರದಲ್ಲಿ ಈ ಐದೂ ಎದುರಾಗುತ್ತವೆ. ಒಂದು ದೇಶದಲ್ಲಿ ಕದ್ದು ಸಾಗಿಸಿದ ಬೀಜವನ್ನು ನೆರೆಯ ದೇಶದ ಬೀಜವೆಂದು ಕೊಂಡರೆ ಅದು ತದಾಹೃತಾದಾನ. ಅನ್ಯದೇಶದ ಮಾಲಿಗೆ ಹೊಸ ಚೀಲ ತೊಡಿಸಿ ಸುಳ್ಳು ಮೂಲದೇಶದ ಪ್ರಮಾಣಪತ್ರ ಪಡೆದರೆ ಅದು ವಿರುದ್ಧರಾಜ್ಯಾತಿಕ್ರಮವೂ ಹೌದು, ಪ್ರತಿರೂಪಕ ವ್ಯವಹಾರವೂ ಹೌದು. ಇಂಥ ಒಡಂಬಡಿಕೆ ನಿಂತಿರುವುದೇ ಆ ಪ್ರಮಾಣಪತ್ರದ ಸತ್ಯದ ಮೇಲೆ. ‘ಎಲ್ಲರೂ ಹೀಗೆಯೇ ಮಾಡುತ್ತಾರೆ’ ಎಂಬ ಸಮಾಧಾನಕ್ಕೆ ಅತಿಚಾರಗಳ ಪಟ್ಟಿಯಲ್ಲಿ ಸ್ಥಾನವಿಲ್ಲ.

ತಕ್ಕಡಿಯನ್ನು ಬೆಳಕಿಗೆ ತರುವ ಉಪಾಯಗಳಿಲ್ಲದಿಲ್ಲ. ಟಾಂಜಾನಿಯಾ ದೇಶವು 2007ರಲ್ಲಿ ಗೇರುಬೀಜಕ್ಕೆ ಉಗ್ರಾಣ ರಸೀದಿ ಪದ್ಧತಿಯನ್ನು ತಂದಿತು. ರೈತರು ಸಹಕಾರಿ ಸಂಘಗಳ ಮೂಲಕ ಉಗ್ರಾಣದಲ್ಲಿ ಬೀಜವಿಟ್ಟು ರಸೀದಿ ಪಡೆಯುತ್ತಾರೆ. ಮಾರಾಟ ಹರಾಜಿನಲ್ಲಿ ನಡೆಯುತ್ತದೆ. ಅದರಲ್ಲಿಯೂ ಕುಂದುಗಳಿರಬಹುದು. ಆದರೆ ದರವನ್ನು ಕೊಳ್ಳುವವನೊಬ್ಬನೇ ಬಲ್ಲ ಸ್ಥಿತಿ ಅಲ್ಲಿಲ್ಲ. ಇಂಥ ವ್ಯವಸ್ಥೆಯ ಮೂಲಕ ಕೊಂಡರೆ ನಮಗೆ ಚೀಲಕ್ಕೆ ಕೆಲವು ರೂಪಾಯಿ ಹೆಚ್ಚು ಬೀಳಬಹುದು. ಅದನ್ನು ನಷ್ಟವೆನ್ನದೆ ವ್ರತದ ವೆಚ್ಚವೆಂದು ಬರೆದುಕೊಳ್ಳೋಣ.

ಮೊಜಾಂಬಿಕಿನ ಪಾಠ

ಇನ್ನು ಕಠಿಣವಾದ ಪ್ರಶ್ನೆಗೆ ಬರೋಣ. ಬೀಜ ಬೆಳೆದಲ್ಲಿಯೇ ಒಡೆಯಲ್ಪಡಬೇಕೆ, ಇಲ್ಲಿಗೆ ಬರಬೇಕೆ?

1970ರ ದಶಕದ ಆದಿಯಲ್ಲಿ ಮೊಜಾಂಬಿಕ್ ಎರಡು ಲಕ್ಷ ಟನ್ನಿಗೂ ಹೆಚ್ಚು ಗೇರುಬೀಜ ಬೆಳೆಯುತ್ತಿತ್ತು, ತನ್ನಲ್ಲಿಯೇ ಕಾರ್ಖಾನೆಗಳನ್ನೂ ಹೊಂದಿತ್ತು. ಸ್ವಾತಂತ್ರ್ಯದ ನಂತರ 1992ರವರೆಗೆ ನಡೆದ ಅಂತರ್ಯುದ್ಧದಲ್ಲಿ ಎಲ್ಲವೂ ಕುಸಿಯಿತು. 1990ರ ದಶಕದಲ್ಲಿ ಕಾರ್ಖಾನೆಗಳು ಖಾಸಗಿಯವರ ಕೈಸೇರಿ ಚೇತರಿಸಿಕೊಳ್ಳುತ್ತಿದ್ದಾಗ, ಕಚ್ಚಾ ಬೀಜದ ಮೇಲಿನ ರಫ್ತು ಸುಂಕವನ್ನು ಇಳಿಸಬೇಕೆಂದು ವಿಶ್ವಬ್ಯಾಂಕು ಸಾಲಕ್ಕೆ ಷರತ್ತು ಹಾಕಿತು. ಸುಂಕ ಇಳಿದರೆ ರೈತನಿಗೆ ಒಳ್ಳೆಯ ಬೆಲೆ ಸಿಗುವುದೆಂಬುದು ಅದರ ತರ್ಕ. ಸುಂಕ ಇಳಿಯಿತು, ಬೀಜ ಬಹುಪಾಲು ಭಾರತಕ್ಕೆ ಹರಿಯಿತು, 2001ರ ಹೊತ್ತಿಗೆ ಅಲ್ಲಿಯ ಸುಮಾರು ಹತ್ತು ಸಾವಿರ ಕಾರ್ಖಾನೆ ಕಾರ್ಮಿಕರಲ್ಲಿ ಹೆಚ್ಚಿನವರು ಕೆಲಸ ಕಳೆದುಕೊಂಡಿದ್ದರು. ಡ್ಯಾನಿ ರಾಡ್ರಿಕ್ ಮತ್ತು ಇತರ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದಾಗ, ಗೇರು ಬೆಳೆಯುವ ಒಂದು ಕುಟುಂಬಕ್ಕೆ ಸರಾಸರಿ ದೊರೆತ ಲಾಭ ವರ್ಷಕ್ಕೆ 5 ಡಾಲರಿಗಿಂತ ತುಸು ಹೆಚ್ಚು ಮಾತ್ರ. ಉಳಿದುದರಲ್ಲಿ ದೊಡ್ಡ ಪಾಲು ನಡುವಿನ ವರ್ತಕರಿಗೆ ಸೇರಿತು.

ಆ ವರ್ಷಗಳಲ್ಲಿ ನಮ್ಮ ಕರಾವಳಿಗೆ ಬಂದ ಬೀಜವನ್ನು ಯಾರೂ ಕದ್ದು ತರಲಿಲ್ಲ. ಹಣ ಕೊಟ್ಟು, ಕಾನೂನಿನಂತೆ ತಂದರು. ಇಲ್ಲಿಯ ಹೆಂಗಸರಿಗೆ ಕೆಲಸವೂ ಸಿಕ್ಕಿತು. ಆದರೂ ನಮ್ಮ ಅವಕಾಶದ ಇನ್ನೊಂದು ತುದಿಯಲ್ಲಿ ಮುಚ್ಚಿದ ಬಾಗಿಲುಗಳಿದ್ದವು ಎಂಬುದನ್ನು ಅರಿತಿರುವುದು ಅನೇಕಾಂತದೃಷ್ಟಿಯ ಮೊದಲ ಕರ್ತವ್ಯ.

ಈಗ ಆಫ್ರಿಕಾದ ದೇಶಗಳು ತಮ್ಮ ಬೀಜವನ್ನು ತಾವೇ ಒಡೆಯುವೆವು ಎಂದಾಗ ನಮ್ಮಲ್ಲಿ ಕೆಲವರು ಅದನ್ನು ಅನ್ಯಾಯವೆನ್ನುತ್ತಾರೆ. ಅವರು ಪುತ್ತೂರಿನ ಕಡೆಗೊಮ್ಮೆ ನೋಡಬೇಕು. ಅಡಿಕೆಯ ಬೆಲೆ ಕುಸಿದು ಬೆಳೆಗಾರ ಕಂಗೆಟ್ಟಾಗ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆ ಹುಟ್ಟಿತು. ಮುಂದೆ ಕೊಕ್ಕೋ ಕೊಳ್ಳುವವರಿಲ್ಲದೆ ರೈತರು ಗಿಡ ಕಡಿಯುವ ಸ್ಥಿತಿ ಬಂದಾಗ ಅದೇ ಸಂಸ್ಥೆ ಕೊಕ್ಕೋ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು. ನಮ್ಮ ಬೆಳೆಯ ಬೆಲೆಯನ್ನು ಹೊರಗಿನವರೇ ಏಕೆ ನಿರ್ಧರಿಸಬೇಕು, ಅದರ ಮೌಲ್ಯ ನಮ್ಮ ಊರಿನಲ್ಲಿಯೇ ಏಕೆ ಹೆಚ್ಚಬಾರದು ಎಂಬುದು ಆಗಿನ ಪ್ರಶ್ನೆ. ಬೆನಿನ್, ಐವರಿ ಕೋಸ್ಟುಗಳು ಇಂದು ಕೇಳುತ್ತಿರುವುದೂ ಅದನ್ನೇ. ಪುತ್ತೂರಿನಲ್ಲಿ ನ್ಯಾಯವಾದದ್ದು ಕೊಟೊನೂವಿನಲ್ಲಿ ಅನ್ಯಾಯವಾಗಲಾರದು.

ಆದರೆ ಇಷ್ಟಕ್ಕೆ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಕಾರ್ಕಳ, ಪುತ್ತೂರು, ಕುಂದಾಪುರ ಕಡೆಯ ಕಾರ್ಖಾನೆಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಬೀಜ ಸುಲಿದ ಹೆಂಗಸಿಗೆ ಖಂಡಗಳ ನ್ಯಾಯವನ್ನು ಬೋಧಿಸುವುದು ಸುಲಭ. ಅವಳ ಮನೆಯ ಒಲೆ ಉರಿಯುವುದು ವಾರದ ಬಟವಾಡೆಯಿಂದ. ಈಗಾಗಲೇ ಯಂತ್ರಗಳು ಬಂದು ಕೈಕೆಲಸ ಕಡಿಮೆಯಾಗಿದೆ; ತಿರುಳಿನ ರಫ್ತಿನಲ್ಲಿ ವಿಯೆಟ್ನಾಮ್ ನಮ್ಮನ್ನು ಹಿಂದಿಕ್ಕಿ ವರ್ಷಗಳಾದವು. ಅಲ್ಲಿಯ ಕಾರ್ಮಿಕನ ಹಕ್ಕನ್ನೂ ಇಲ್ಲಿಯ ಕಾರ್ಮಿಕಳ ಅನ್ನವನ್ನೂ ಒಟ್ಟಿಗೆ ಹೇಗೆ ಉಳಿಸುವುದು?

ಇಬ್ಬರಲ್ಲಿ ಯಾರಾದರೊಬ್ಬರು ಸೋಲಲೇಬೇಕೆಂದು ನಾವು ಎಣಿಸುವುದು, ವರ್ತಕನ ಲಾಭವನ್ನು ಮುಟ್ಟಬಾರದೆಂದು ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿರುವುದರಿಂದ. ಪರಿಗ್ರಹ ಪರಿಮಾಣವ್ರತವು ಆ ನಿಶ್ಚಯವನ್ನೇ ಪ್ರಶ್ನಿಸುತ್ತದೆ. ಅಲ್ಲಿ ಕಾರ್ಖಾನೆ ತೆರೆಯುವವನು ಇಲ್ಲಿಯದನ್ನು ಒಂದು ರಾತ್ರಿಯಲ್ಲಿ ಮುಚ್ಚಬೇಕಾಗಿಲ್ಲ. ಅಲ್ಲಿಯ ಲಾಭದ ಒಂದು ನಿಶ್ಚಿತ ಪಾಲನ್ನು ಇಲ್ಲಿಯ ಕಾರ್ಖಾನೆಯನ್ನು ಹುರಿದ, ಮಸಾಲೆ ಹಚ್ಚಿದ, ಪೊಟ್ಟಣ ಕಟ್ಟಿದ ಸರಕಿನ ಕಡೆಗೆ ತಿರುಗಿಸಲು ಬಳಸಬಹುದು. ಊರಿನ ಗೇರುತೋಟಗಳನ್ನು ಉತ್ತಮಪಡಿಸಲು ನೆರವಾಗಬಹುದು. ಪುತ್ತೂರಿನಲ್ಲಿ 1986ರಿಂದ ಗೇರು ಸಂಶೋಧನಾ ಕೇಂದ್ರವಿದ್ದು ಉತ್ತಮ ತಳಿಗಳನ್ನು ನೀಡುತ್ತ ಬಂದಿದೆ. ಮುಚ್ಚುವುದು ಅನಿವಾರ್ಯವಾದರೆ ಭವಿಷ್ಯನಿಧಿ, ಗ್ರಾಚುಯಿಟಿಗಳನ್ನು ಕಾಸು ಬಿಡದೆ ಕೊಟ್ಟು, ಮುಂಚಿತವಾಗಿ ತಿಳಿಸಿ ಮುಚ್ಚಬೇಕು. ಇದರಿಂದ ಲಾಭ ತಗ್ಗುವುದು ನಿಜ. ತಗ್ಗಬೇಕಾದದ್ದು ಅದೇ.

ಮಾಡಬಾರದ ವ್ಯಾಪಾರ

ಶ್ರಾವಕಾಚಾರಗಳಲ್ಲಿ ಹೇಳಿದ ಹದಿನೈದು ಖರಕರ್ಮಗಳ ಪೈಕಿ ದಂತವಾಣಿಜ್ಯ, ಕೇಶವಾಣಿಜ್ಯ, ವಿಷವಾಣಿಜ್ಯಗಳೂ ಸೇರಿವೆ. ದಂತವೆಂದರೆ ಆನೆಯ ದಂತವೇ ಮೊದಲಾದುವು. ಕೇಶವಾಣಿಜ್ಯದಲ್ಲಿ ದಾಸದಾಸಿಯರನ್ನೂ ಪಶುಗಳನ್ನೂ ಮಾರುವುದು ಅಡಕವಾಗಿದೆ. 19ನೆಯ ಶತಮಾನದಲ್ಲಿ ಜಾಂಜಿಬಾರಿನ ಪೇಟೆಯನ್ನು ಬೆಳೆಸಿದವು ಮುಖ್ಯವಾಗಿ ದಂತ, ದಾಸರು ಮತ್ತು ಲವಂಗ. ಅವುಗಳಲ್ಲಿ ಎರಡನ್ನು ನಮ್ಮ ಆಚಾರ್ಯರು ಶತಮಾನಗಳ ಹಿಂದೆಯೇ ನಿಷೇಧಿಸಿದ್ದರು. ಕಾನೂನು ಒಪ್ಪಿದ್ದನ್ನೆಲ್ಲ ಧರ್ಮ ಒಪ್ಪುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ. ಇಂದಿನ ತರುಣನೂ ಅದೇ ಬೆಳಕಿನಲ್ಲಿ ತನ್ನ ಪಟ್ಟಿಯನ್ನು ನೋಡಿಕೊಳ್ಳಲಿ. ನಮ್ಮ ನೆಲದಲ್ಲಿ ಬಳಸಲು ಯೋಗ್ಯವಲ್ಲವೆಂದು ನಿಲ್ಲಿಸಿದ ಕೀಟನಾಶಕವನ್ನು ಕಾನೂನು ಸಡಿಲವಾಗಿರುವ ನಾಡಿಗೆ ಸಾಗಿಸುವುದು ವಿಷವಾಣಿಜ್ಯವಲ್ಲದೆ ಮತ್ತೇನು?

ಶ್ರಾವಕರಲ್ಲಿ, ಬಸದಿಗಳ ಆಡಳಿತದವರಲ್ಲಿ ವಿನಂತಿ

ದೀಪಾವಳಿಯಂದು ಭಗವಾನ್ ಮಹಾವೀರರ ನಿರ್ವಾಣಪೂಜೆ ಮುಗಿಸಿ ಹೊಸ ಲೆಕ್ಕದ ಪುಸ್ತಕ ತೆರೆಯುವ ಪದ್ಧತಿ ನಮ್ಮ ಹಲವು ಮನೆಗಳಲ್ಲಿದೆ. ಆ ಪುಸ್ತಕದ ಮೊದಲ ಪುಟದಲ್ಲಿ ಮೂರು ಸಾಲು ಬರೆಯೋಣ. ಯಾವ ಯಾವ ದೇಶಗಳವರೆಗೆ ವ್ಯವಹರಿಸುವೆನು. ಯಾವ ಸರಕನ್ನು ಮುಟ್ಟುವುದಿಲ್ಲ. ಎಷ್ಟು ಸಂಪತ್ತಿನ ಮೇಲಿನದು ನನ್ನದಲ್ಲ. ಬರೆದಿಟ್ಟ ಮಿತಿ ಸುಲಭವಾಗಿ ಮರೆತುಹೋಗದು. ವಿದೇಶದಲ್ಲಿ ವ್ಯಾಪಾರವಿರುವವರು ವರ್ಷಕ್ಕೊಮ್ಮೆಯಾದರೂ ಬಂದರಿನ ಕಚೇರಿಯಲ್ಲಿ ನಿಲ್ಲದೆ, ಬೀಜ ತೂಗುವ ಹಳ್ಳಿಯವರೆಗೆ ಹೋಗಿ ಬರಲಿ. ಹೋಗಲಾಗದಷ್ಟು ದೂರವಾದರೆ, ಆ ದೂರವೇ ತನ್ನ ದಿಗ್ವ್ರತದ ಎಲ್ಲೆಯೆಂದು ತಿಳಿಯಲಿ.

ಬಸದಿಗಳ ಟ್ರಸ್ಟಿನವರಿಗೂ ಒಂದು ಮಾತು. ಮೂಡುಬಿದಿರೆಯ ಬಸದಿಗಳು ಎದ್ದುದರಲ್ಲಿ ವರ್ತಕರ ದಾನದ ಪಾಲು ಹಿರಿದು. ದಾನ ಕೊಟ್ಟವರ ಹೆಸರನ್ನು ಶಿಲೆಯಲ್ಲಿ ಕೆತ್ತಿಸುವ ನಾವು, ಆ ಹಣದ ಹುಟ್ಟನ್ನೂ ಒಮ್ಮೆ ವಿನಯದಿಂದ ವಿಚಾರಿಸುವ ಅಭ್ಯಾಸ ಮಾಡಿಕೊಳ್ಳುವುದು ಲೇಸು. ದಶಲಕ್ಷಣ ಪರ್ವದ ಉತ್ತಮ ಆಕಿಂಚನ್ಯದ ದಿನ, ವ್ಯಾಪಾರದಲ್ಲಿರುವ ತರುಣರನ್ನು ಕೂಡಿಸಿ, ಅಚೌರ್ಯದ ಐದು ಅತಿಚಾರಗಳನ್ನು ಇಂದಿನ ಇನ್‌ವಾಯ್ಸು, ಪ್ರಮಾಣಪತ್ರ, ತೂಕದ ಚೀಟಿಗಳ ಜೊತೆಗಿಟ್ಟು ಚರ್ಚಿಸಿದರೆ ಉಪನ್ಯಾಸಕ್ಕಿಂತ ಹೆಚ್ಚು ಪ್ರಯೋಜನವಾದೀತು.

ಆಫ್ರಿಕಾದ ಸಂತೆ ತೆರೆಯುತ್ತಿದೆ. ನಮ್ಮವರು ಹೋಗುವುದಾದರೆ ಹೋಗಲಿ. ಅಲ್ಲಿಯವರೊಂದಿಗೆ ಪಾಲುಗಾರರಾಗಿ, ಇಲ್ಲಿಯವರನ್ನು ಕೈಬಿಡದೆ, ತಮ್ಮ ಎಲ್ಲೆಯನ್ನು ತಾವೇ ಬರೆದಿಟ್ಟುಕೊಂಡು ಹೋಗಲಿ ಎಂಬುದು ಈ ಲೇಖನದ ಆಶಯ.